ಕೋಳಿಗೆ ಪೆಟ್ಟಿಗೆ ಮಾಡಿದ ಮಳೆಗಾಲ

ಹೋದ ವಾರ ಚಾಂದ್‌ಖೇಡಾದ ನಾವು ಈಗಿರುವ ಫ್ಲ್ಯಾಟಿಗೆ ಬಡಗಿಯೊಬ್ಬ ಅಡುಗೆಮನೆಯ ಕಪಾಟು ಸರಿಮಾಡಲು ಬಂದಿದ್ದ. ಪ್ಲೈವುಡ್ಡಿನ ಕೆಲಸ ಮುಗಿದ ಮೇಲೆ ತಳಕ್ಕೆ ಕೊಡಲು ಒಂದು ಹಳೆಯ ದೇವದಾರು ಪಟ್ಟಿ ತೆಗೆದು ಗರಗಸ ಹಾಕಿದ. ಅಂಟಿನಂಥ, ಸ್ವಲ್ಪ ಸಿಹಿಯಾದ ಅದರ ವಾಸನೆ ಬಾಲ್ಕನಿಯವರೆಗೂ ಬಂತು. ಒಣಹಾಕುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಸೇಬಿನ ಪೆಟ್ಟಿಗೆ ಒಡೆದಾಗ ಬರುವ ವಾಸನೆ ಅದು. ವಡೋದರಾದಲ್ಲಿ ಒಂದು ಮಳೆಗಾಲ ಪೂರ್ತಿ ನಮ್ಮ ಹಿತ್ತಲಲ್ಲಿ ಆ ವಾಸನೆಯಿತ್ತು.

ನನ್ನ ಗಂಡ ರಂಗನಾಥ ಲೋಕೋ ಪೈಲಟ್. ನಮ್ಮ ಊರಿನವರ ಬಾಯಲ್ಲಿ ಹೇಳುವುದಾದರೆ ರೈಲು ಡ್ರೈವರ್. ಬಡಗಿ ಬಂದ ದಿನವೂ ಅವರು ಗಾಡಿ ತೆಗೆದುಕೊಂಡು ಪಾಲನ್‌ಪುರದ ಕಡೆ ಹೋಗಿದ್ದರು. ಅವರು ಮತ್ತೆ ಎಂಜಿನ್ ಹತ್ತುತ್ತಾರೆ ಎಂದು ಆ ಮಳೆಗಾಲದಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ತಿಪಟೂರಿನ ಕಡೆಯವರು ನಾವು. ಕೆಲಸ ಸಿಕ್ಕಿದ್ದು ಗುಜರಾತಿನಲ್ಲಿ, ಮನೆ ಸಿಕ್ಕಿದ್ದು ವಡೋದರಾದ ರೈಲ್ವೆ ಕಾಲೋನಿಯಲ್ಲಿ. ದಪ್ಪ ಗೋಡೆಯ ಹಳೆಯ ಕ್ವಾರ್ಟರ್ಸು. ಮುಂದೆ ಜಗಲಿ, ಹಿಂದೆ ಬೇವಿನ ಮರದ ಕೆಳಗೆ ಉದ್ದನೆಯ ಹಿತ್ತಲು. ಮಗಳು ಇಂಚರ ಬೀದಿಯಲ್ಲಿ ಗುಜರಾತಿ, ಶಾಲೆಯಲ್ಲಿ ಹಿಂದಿ ಇಂಗ್ಲಿಷು ಮಾತಾಡಿ, ನಮ್ಮ ಹತ್ತಿರ ಮಾತ್ರ ಅರ್ಧಂಬರ್ಧ ಕನ್ನಡ ಆಡುತ್ತಿದ್ದಳು.

ಆ ವರ್ಷ ಮೊದಲ ಮಳೆ ಬಿದ್ದ ದಿನ ಅವರು ಪ್ಯಾಸೆಂಜರ್ ಗಾಡಿಯಲ್ಲಿ ಸೂರತ್ ಕಡೆ ಹೋಗಿದ್ದರು. ಸಂಜೆಗೆ ಬರಬೇಕಾದವರು ಮಾರನೆಯ ದಿನ ಮಧ್ಯಾಹ್ನ ಬಂದರು. ಬೂಟು ಬಿಚ್ಚದೆ ಜಗಲಿಯ ಮೇಲೆ ಕೂತರು.

"ರನ್‌ಓವರ್ ಆಯ್ತು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹೆಂಗ್ಸು," ಎಂದರು.

ರೈಲು ಓಡಿಸುವವರ ಮನೆಗಳಲ್ಲಿ ಈ ಮಾತು ಹೊಸದಲ್ಲ. ಹಿಂದೆಯೂ ಒಮ್ಮೆ, ಕುಡಿದು ಹಳಿಯ ಮೇಲೆ ಮಲಗಿದ್ದವನೊಬ್ಬ ಇವರ ಗಾಡಿಗೆ ಸಿಕ್ಕಿದ್ದ. ಆಗ ಕೆಲವು ದಿನ ಮಂಕಾಗಿದ್ದು ಸರಿಹೋಗಿದ್ದರು. ಈ ಸಲವೂ ಹಾಗೇ ಎಂದುಕೊಂಡೆ. ರೈಲ್ವೆಯವರು ರಜೆ ಕೊಟ್ಟರು, ಮಾತಾಡಿಸಿದರು, ಮತ್ತೆ ಡ್ಯೂಟಿಗೆ ಕಳಿಸಿದರು. ಮೊದಲ ಟ್ರಿಪ್ಪು ಸರಿಯಾಗಿಯೇ ಹೋಯಿತು. ಎರಡನೆಯದರಲ್ಲಿ ಅದೇ ಜಾಗ ಬಂದಾಗ, ಹಳಿಯ ಮೇಲೆ ಯಾರೂ ಇಲ್ಲದಿದ್ದರೂ, ಎಮರ್ಜೆನ್ಸಿ ಬ್ರೇಕ್ ಹಾಕಿ ಗಾಡಿ ನಿಲ್ಲಿಸಿಬಿಟ್ಟರು. ಪಕ್ಕದಲ್ಲಿದ್ದ ಅಸಿಸ್ಟೆಂಟ್ ಎಷ್ಟು ಕರೆದರೂ ಕೈ ತೆಗೆಯಲಿಲ್ಲವಂತೆ. ಅಲ್ಲಿಂದ ಮುಂದೆ ಅವರನ್ನು ಗಾಡಿಯಿಂದ ಇಳಿಸಿ ವೈದ್ಯರ ಕೈಗೆ ಕೊಟ್ಟರು.

ಮನೆಯಲ್ಲಿ ಅವರು ಜಗಲಿಯ ಮಂಚದ ಮೇಲೆ ಕೂತೇ ಇರುತ್ತಿದ್ದರು. ಮಾತ್ರೆ ಕೊಟ್ಟರೆ ನುಂಗುತ್ತಿದ್ದರು, ತಟ್ಟೆ ಇಟ್ಟರೆ ಉಣ್ಣುತ್ತಿದ್ದರು. ಇಂಚರ, "ಪಪ್ಪಾ, ಹೋಮ್‌ವರ್ಕ್ ನೋಡೋ," ಎಂದು ಪುಸ್ತಕ ತಂದರೆ ಹಾಳೆಯನ್ನೇ ನೋಡುತ್ತಿದ್ದರು. ಅವಳು ಕಾದು ಕಾದು ಎದ್ದುಹೋಗುತ್ತಿದ್ದಳು. ಏನಾಯಿತು ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ.

ಆ ದಿನಗಳಲ್ಲೇ ಕೋಳಿಗಳು ಬಂದವು. ನಮ್ಮ ಸಾಲಿನ ಕೊನೆಯ ಮನೆಯಲ್ಲಿದ್ದ ಮಂಡಲ್ ಎಂಬ ಬಂಗಾಳಿ ಕುಟುಂಬಕ್ಕೆ ತಮ್ಮ ಊರಿನ ಕಡೆ ವರ್ಗವಾಗಿತ್ತು. ಸಾಮಾನು ಕಟ್ಟಿದ ಮೇಲೆ ಮಂಡಲರ ಹೆಂಡತಿ ತನ್ನ ಐದು ಕೋಳಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಳು.

"ಕುಯ್ಯಬೇಡಿ ಅಂತ ಹೇಳಲ್ಲ ದೀದಿ," ಎಂದಳು ಹಿಂದಿಯಲ್ಲಿ. "ಆದರೆ ನನ್ನ ರೈಲು ಹೊರಡೋವರೆಗೆ ಕಾಯಿರಿ."

ನಾನು ಬೇಡ ಎನ್ನುವಷ್ಟರಲ್ಲಿ ಇಂಚರ ಬುಟ್ಟಿ ತೆಗೆದುಕೊಂಡು ಒಳಗೆ ಹೋಗಿದ್ದಳು. ಕುಯ್ಯಲು ನನಗೂ ಮನಸ್ಸು ಬರಲಿಲ್ಲ. ಹಿತ್ತಲ ಮೂಲೆಯ ಹಳೆಯ ಬಚ್ಚಲುಮನೆಯಲ್ಲಿ ಕತ್ತಲಾಗುವ ಮುಂಚೆ ಅವನ್ನು ಕೂಡುತ್ತಿದ್ದೆ, ಬೆಳಿಗ್ಗೆ ಬಿಡುತ್ತಿದ್ದೆ. ಮಲಗಲು ಅವಕ್ಕೆ ಜಾಗವಾಯಿತು, ಮೊಟ್ಟೆಯಿಡಲು ಆಗಲಿಲ್ಲ. ಒಂದು ಕೋಳಿ ದಾಸವಾಳದ ಬುಡದಲ್ಲಿ, ಇನ್ನೊಂದು ನೀರಿನ ಟ್ಯಾಂಕಿನ ಹಿಂದೆ, ಮತ್ತೊಂದು ಎಲ್ಲೋ. ಮಳೆಯಲ್ಲಿ ನೆಂದ ಮೊಟ್ಟೆಯನ್ನು ಮುಂಗುಸಿ ಒಡೆದು ಕುಡಿದು ಹೋಗುತ್ತಿತ್ತು.

ಪಕ್ಕದ ಮನೆಯ ಜಶುಬೆನ್ ಒಂದು ಬೆಳಿಗ್ಗೆ ಗೋಡೆಯ ಆಚೆಯಿಂದ ಕರೆದರು. "ಗೀತಾಬೆನ್, ಜರಾ ಆವೋ ತೋ."

ಜಶುಬೆನ್ ಅರವತ್ತು ದಾಟಿದ ವಿಧವೆ. ಟಿಕೆಟ್ ಎಕ್ಸಾಮಿನರ್ ಆಗಿದ್ದ ಮಗನ ಜೊತೆ ಇದ್ದರು. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವವರಲ್ಲ. ನಾನು ಹೋದಾಗ ಅವರು ತುಳಸಿ ಕಟ್ಟೆಯ ಮುಂದೆ ಬತ್ತಿ ಹಿಡಿದು ನಿಂತಿದ್ದರು. ಕಟ್ಟೆಯ ತಳದಲ್ಲಿ ದೀಪ ಇಡುವ ಪುಟ್ಟ ಗೂಡಿತ್ತು. ಗೂಡಿನೊಳಗೆ ಒಂದು ಮೊಟ್ಟೆ ಇತ್ತು.

"ನಿಮ್ಮ ಊಟ ನಿಮ್ಮದು," ಎಂದರು. ಅವರ ದನಿ ಏರಲಿಲ್ಲ. "ಯಾವತ್ತೂ ಒಂದು ಮಾತು ಆಡಿಲ್ಲ ನಾನು. ಆದರೆ ಇಲ್ಲಿ ದೀಪ ಇಡುತ್ತೇನೆ. ಇವು ನಿಮ್ಮ ಹಿತ್ತಲಲ್ಲೇ ಇಡುವ ಹಾಗೆ ಮಾಡಿ. ಆಗಲಿಲ್ಲವಾದರೆ ಯಾರಿಗಾದರೂ ಕೊಟ್ಟುಬಿಡಿ."

ಮೊಟ್ಟೆಯನ್ನು ಸೆರಗಿನಲ್ಲಿ ತೆಗೆದುಕೊಂಡು ಬಂದೆ. ನಾಚಿಕೆಯಿಂದ ಮುಖ ಬಿಸಿಯಾಗಿತ್ತು. ಕೊಟ್ಟುಬಿಡುವುದು ಸುಲಭವಿತ್ತು. ಆದರೆ ಇಂಚರ ಶಾಲೆಯಿಂದ ಬಂದ ಕೂಡಲೇ ಚೀಲ ಎಸೆದು ಓಡುತ್ತಿದ್ದುದು ಆ ಕೋಳಿಗಳ ಹತ್ತಿರ. ಆ ಮನೆಯಲ್ಲಿ ನಗು ಕೇಳುತ್ತಿದ್ದುದು ಆಗ ಮಾತ್ರ.

ಹಣ್ಣಿನ ಅಂಗಡಿಯವನಿಂದ ಸೇಬಿನ ಹಳೆಯ ಮರದ ಪೆಟ್ಟಿಗೆಗಳನ್ನು ಕೇಳಿ ತಂದೆ. ಒಂದನ್ನು ಅಡ್ಡ ಮಲಗಿಸಿ, ಹುಲ್ಲು ಹಾಸಿ, ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಇಟ್ಟೆ. ಕೋಳಿಗಳು ಅದರ ಮೇಲೆ ಹತ್ತಿ ಕೂತು ಹಿಕ್ಕೆ ಹಾಕಿದವು, ಒಳಗೆ ಹೋಗಲಿಲ್ಲ. ಒಂದನ್ನು ಹಿಡಿದು ಒಳಗೆ ಕೂರಿಸಿದೆ. ಪೆಟ್ಟಿಗೆ ಅಲ್ಲಾಡಿತು, ಅದು ಕಿರುಚಿಕೊಂಡು ಹಾರಿಹೋಯಿತು. ಮರದ ಕೊಂಬೆಗೆ ಕಟ್ಟಿ ನೋಡಿದೆ. ಗೋಡೆಗೆ ಒರಗಿಸಿ ನೋಡಿದೆ. ಮಾರನೆಯ ದಿನವೂ ಮೊಟ್ಟೆ ಟ್ಯಾಂಕಿನ ಹಿಂದೆಯೇ.

ಹೀಗೆ ಒಂದು ಸಂಜೆ ಮಳೆಗೆ ನೆನೆಯುತ್ತ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದಾಗ ಹಿಂದಿನಿಂದ ಮಾತು ಕೇಳಿತು.

"ಅಷ್ಟು ಬೆಳಕಲ್ಲಿ ಯಾವ ಕೋಳಿನೂ ಮೊಟ್ಟೆ ಇಡಲ್ಲ ಗೀತಾ."

ತಿರುಗಿ ನೋಡಿದೆ. ಅವರು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಎಷ್ಟೋ ದಿನದ ಮೇಲೆ ತಾವಾಗಿಯೇ ಆಡಿದ ಮಾತು ಅದು. ನಾನು ಏನಾದರೂ ಹೇಳಿದರೆ ಒಳಗೆ ಹೋಗಿಬಿಡುತ್ತಾರೇನೋ ಎಂದು ಮತ್ತೆ ಮೊಳೆಯ ಕಡೆ ತಿರುಗಿದೆ.

"ಅವ್ವ ಮಂಕ್ರಿ ಬೋರಲು ಹಾಕ್ತಿದ್ಲು. ಕತ್ಲಾಗಿರ್ಬೇಕು, ಇಕ್ಕಟ್ಟಾಗಿರ್ಬೇಕು. ಅದ್ಕೇ ಪಕ್ಕದ್ಮನೆ ಆಯಮ್ಮನ ದೀಪದ ಗೂಡಿಗೆ ಹೋಗಿದ್ದು," ಎಂದು ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡರು.

ಮರುದಿನದಿಂದ ಕೆಲಸ ಶುರುವಾಯಿತು. ಪೆಟ್ಟಿಗೆಗಳನ್ನು ಬಿಚ್ಚಿ ಹಲಗೆಗಳನ್ನು ಉಜ್ಜಿದರು. ಒಂದು ಕೋಳಿ ತಿರುಗಿ ಕೂರುವಷ್ಟೇ ಜಾಗದ ಮೂರು ಮನೆಗಳನ್ನು ಒಂದೇ ಸಾಲಿಗೆ ಜೋಡಿಸಿದರು. ಐದು ಕೋಳಿಗೆ ಮೂರೇ ಸಾಕೇ ಎಂದು ಕೇಳಿದೆ. "ಅವು ಸರದಿ ಕಾಯ್ತವೆ," ಎಂದರು. ಮೇಲೆ ಹತ್ತಿ ಕೂರಬಾರದೆಂದು ಸೂರನ್ನು ಇಳಿಜಾರಾಗಿ ಮಾಡಿದರು. ಹುಲ್ಲು ಚೆಲ್ಲದಂತೆ, ಮೊಟ್ಟೆ ಉರುಳದಂತೆ ಬಾಗಿಲ ತಳದಲ್ಲಿ ಗಿಡ್ಡನೆಯ ಪಟ್ಟಿ. ಹಾರಿ ಬಂದು ನಿಲ್ಲಲು ಮುಂದೆ ಒಂದು ಕೋಲು. ಬೆಳಕು ತಡೆಯಲು ಅರ್ಧಕ್ಕೆ ಗೋಣಿಚೀಲದ ಪರದೆ. ನಾನು ಹಲಗೆ ಹಿಡಿಯುತ್ತಿದ್ದೆ, ಅವರು ಹೊಡೆಯುತ್ತಿದ್ದರು.

ಹೀಗೆ ಹಲಗೆ ಹಿಡಿದುಕೊಂಡಿದ್ದಾಗಲೇ ಅವರು ಹೇಳಿದ್ದು. ಮೊಳೆಯ ಮೇಲೆ ಕಣ್ಣಿಟ್ಟು, ನನ್ನ ಕಡೆ ನೋಡದೆ.

"ನಮ್ಮೋರು ಹೇಳ್ಕೊಡ್ತಾರೆ. ಹಾರ್ನ್ ಒತ್ತು, ಬ್ರೇಕ್ ಹಾಕು, ಕಣ್ಣು ಮುಚ್ಕೊ ಅಂತ. ನಂಗೆ ಮುಚ್ಕೊಳಕ್ಕಾಗ್ಲಿಲ್ಲ. ಮಳೆ ಅಂತ ತಲೆ ಮೇಲೆ ಪ್ಲಾಸ್ಟಿಕ್ ಗೊಪ್ಪೆ ಹಾಕ್ಕೊಂಡಿದ್ಲು. ತಿರುಗಿ ನನ್ನನ್ನೇ ನೋಡಿದ್ಲು."

ನಾನು ಹಲಗೆ ಬಿಡಲಿಲ್ಲ.

"ಸಾಯಕ್ಕೆ ಅಂತ್ಲೇ ಬಂದಿದ್ಲೋ, ದಾಟಕ್ಕೆ ಬಂದಿದ್ಲೋ. ಅದೊಂದು ಗೊತ್ತಾಗ್ಬೇಕು ನಂಗೆ. ಬೇರೆ ಏನೂ ಬೇಡ."

ಪೆಟ್ಟಿಗೆಯನ್ನು ಬಚ್ಚಲುಮನೆಯ ಒಳಗೋಡೆಗೆ ಕೂರಿಸಿದೆವು. ಮೊಟ್ಟೆ ಇರುವ ಕಡೆಯೇ ಮೊಟ್ಟೆ ಇಡುತ್ತವೆ ಎಂದು ಒಂದೊಂದು ಮನೆಯಲ್ಲೂ ಒಂದು ನುಣುಪಾದ ಬಿಳಿಯ ಕಲ್ಲು ಇಟ್ಟರು. ಕಲ್ಲು ಆರಿಸಿ ತಂದವಳು ಇಂಚರ. ಕೆಲವು ದಿನ ಕೋಳಿಗಳು ಇಣುಕಿ ನೋಡಿ ಹೋದವು. ಆಮೇಲೆ ಒಂದು ಬೆಳಿಗ್ಗೆ ಕಂದು ಬಣ್ಣದ ದೊಡ್ಡ ಕೋಳಿ ಪರದೆ ಸರಿಸಿಕೊಂಡು ಒಳಗೆ ಹೋಯಿತು. ನಾವು ಮೂವರೂ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನಿಂತೆವು. ಅದು ಹುಲ್ಲನ್ನು ಕೆದಕಿತು, ಸುತ್ತಿತು, ಕೂತಿತು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ಊರಿಗೆಲ್ಲ ಕೇಳುವಂತೆ ಕೂಗಿತು. ಕಲ್ಲಿನ ಪಕ್ಕದಲ್ಲಿ ಮೊಟ್ಟೆ ಬೆಚ್ಚಗಿತ್ತು. ಇಂಚರ ಅದನ್ನು ಅಪ್ಪನ ಅಂಗೈ ಮೇಲೆ ಇಟ್ಟಳು. ಅವರು ಬೆರಳು ಮಡಚಿ ಹಿಡಿದುಕೊಂಡರು.

ಜಶುಬೆನ್‌ಗೆ ಹೇಳಲು ಹೋದೆ, ಇನ್ನು ಕೋಳಿಗಳು ನಿಮ್ಮ ಕಟ್ಟೆಗೆ ಬರುವುದಿಲ್ಲ ಎಂದು. ಅವರು ಸುತ್ತಿಗೆಯ ಸದ್ದನ್ನು ದಿನವೂ ಕೇಳಿದ್ದರು. "ರಂಗಭಾಯಿ ಎದ್ದು ಕೆಲಸ ಮಾಡಿದರಲ್ಲ, ಅಷ್ಟು ಸಾಕು," ಎಂದು ನನ್ನನ್ನು ಕೂರಿಸಿಕೊಂಡರು. ಆಗ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಯಾವ ಜಾಗ ಎಂದು ಕೇಳಿದರು. ಹೇಳಿದೆ. ಭರೂಚ್ ಇನ್ನೂ ಸ್ವಲ್ಪ ದೂರವಿರುವಾಗ ಸಿಗುವ ಒಂದು ಸಣ್ಣ ಸ್ಟೇಷನ್ನಿನ ಹತ್ತಿರ.

ಜಶುಬೆನ್ ಫೋನಿಗೆ ಕೈ ಚಾಚಿದರು. "ನನ್ನ ತವರು ಅಲ್ಲಿಂದ ಒಂದು ಹರದಾರಿ," ಎಂದರು. "ಅಣ್ಣನಿಗೆ ಫೋನ್ ಮಾಡುತ್ತೇನೆ."

ಅಣ್ಣನಿಂದ ತಿಳಿದುದನ್ನು ಅವರು ನಮ್ಮ ಜಗಲಿಗೆ ಬಂದು, ನನ್ನ ಗಂಡನ ಮುಂದೆಯೇ ಕೂತು ಹೇಳಿದರು. ಅವಳ ಹೆಸರು ಸವಿತಾ. ಆ ಊರಿನ ಆದಿವಾಸಿ ಕೇರಿಯವಳು. ಹತ್ತಿ ಹೊಲದ ಕೂಲಿಗೆ ಬೇರೆ ಹೆಂಗಸರ ಜೊತೆ ಹೊರಟಿದ್ದಳು. ಈಚೆ ಹಳಿಯ ಮೇಲೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಎಲ್ಲರೂ ನಿಂತರು. ಅದರ ಕೊನೆಯ ಡಬ್ಬಿ ದಾಟಿದ್ದೇ ಸವಿತಾ ಮುಂದೆ ಹೋದಳು. ಆಚೆ ಹಳಿಯ ಮೇಲೆ ಇವರ ಗಾಡಿ ಬರುತ್ತಿದ್ದುದು ಮಳೆಯಲ್ಲಿ, ಆ ಗೂಡ್ಸಿನ ಸದ್ದಿನಲ್ಲಿ ಅವಳಿಗೆ ತಿಳಿಯಲಿಲ್ಲ.

"ಸಾಯಲು ಬಂದವಳಲ್ಲ ಭಾಯಿ," ಎಂದರು ಜಶುಬೆನ್. ಸಮಾಧಾನವಾದೀತೆಂದೇ ಅವರು ಹೇಳಿದ್ದು.

ಇವರು ಎದ್ದು ಒಳಗೆ ಹೋದರು. ನಾನು ಹಿಂದೆ ಹೋದಾಗ ಗೋಡೆಗೆ ಹಣೆಯೊತ್ತಿ ನಿಂತಿದ್ದರು.

"ಸಾಯಕ್ಕೆ ಬಂದಿದ್ಲು ಅಂತಾದ್ರೆ ಅದು ಅವಳ ಇಷ್ಟ ಅಂದ್ಕೊಂತಿದ್ದೆ. ಈಗ ಏನಂತ ಅಂದ್ಕೊಳ್ಳಲಿ ಗೀತಾ? ಅವಳಿಗೆ ಕೆಲ್ಸಕ್ಕೆ ಹೊತ್ತಾಗಿತ್ತು, ಅಷ್ಟೇ."

ಹೋಗಿ ನೋಡಬೇಕು ಎಂದು ಅವರೇ ಅಂದರು. ನನಗೆ ಭಯವಾಯಿತು. ಸತ್ತವಳ ಮನೆಯವರು ಏನು ಮಾಡುತ್ತಾರೋ. ಜಶುಬೆನ್, "ನಾನು ಜೊತೆಗಿರುತ್ತೇನೆ," ಎಂದರು. ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ದಿನ ಮೂವರೂ ಪ್ಯಾಸೆಂಜರ್ ಗಾಡಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಇವರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು.

ಕೇರಿಯ ಕೊನೆಯಲ್ಲಿ ಹೆಂಚಿನ ಒಂಟಿ ಮನೆ. ಸವಿತಾಳ ಅತ್ತೆ ಒಬ್ಬಳೇ ಇದ್ದಳು. ಮಗ, ಸವಿತಾಳ ಗಂಡ, ಅಂಕಲೇಶ್ವರದ ಕಡೆ ಕೂಲಿಗೆ ಹೋಗಿದ್ದ. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ನೆರಳಿನಂತೆ ಅಷ್ಟಿಷ್ಟು ಕಾಣುತ್ತಿತ್ತಷ್ಟೆ. ಜಶುಬೆನ್ ಊರಿನವರ ಗುರುತು ಹೇಳಿ, "ಇವರು ರೈಲಿನವರು. ಸವಿತಾಳ ವಿಷಯ ಕೇಳಿ ನೋಡಲು ಬಂದಿದ್ದಾರೆ," ಎಂದರು. ಅಜ್ಜಿ ಮಂಚ ತೋರಿಸಿದಳು. ಇವರು ಕೂತರು.

ಅಂಗಳದಲ್ಲಿ ಕೊಳೆತ ಮೊಟ್ಟೆಯ ನಾತವಿತ್ತು. ನಾನು ಮೂಗು ಹಿಡಿಯಲಿಲ್ಲ, ಆದರೂ ಅಜ್ಜಿಗೆ ತಿಳಿಯಿತು.

"ಅವಳ ಕೋಳಿಗಳು," ಎಂದಳು. ಅವಳ ಮಾತನ್ನು ಜಶುಬೆನ್ ನನಗೆ ಹಿಂದಿಯಲ್ಲಿ ಹೇಳುತ್ತಿದ್ದರು. "ಹತ್ತಿ ಕಡ್ಡಿಯ ರಾಶಿಯಲ್ಲಿ, ಬೇಲಿಯ ಬುಡದಲ್ಲಿ, ಎಲ್ಲೆಂದರಲ್ಲಿ ಇಡುತ್ತವೆ. ಯಾವುದು ಎಲ್ಲಿ ಇಡುತ್ತದೆ ಅಂತ ಅವಳಿಗೆ ಗೊತ್ತಿತ್ತು. ನನಗೆ ಕಾಣುವುದಿಲ್ಲ. ಕೈಯಾಡಿಸಿ ಹುಡುಕುತ್ತೇನೆ. ಮೊನ್ನೆ ಹಾವು ಸಿಕ್ಕಿತು."

ಅವಳು ಕೊಟ್ಟ ಹಾಲಿಲ್ಲದ ಟೀ ಕುಡಿದು ಎದ್ದೆವು. ಜಶುಬೆನ್ ಕೂಡ ಕುಡಿದರು. ಇವರು ಕಡೆಗೂ ತಾವು ಯಾರು ಎಂದು ಹೇಳಲಿಲ್ಲ.

ಮನೆಗೆ ಬಂದವರೇ ಉಳಿದಿದ್ದ ಸೇಬಿನ ಪೆಟ್ಟಿಗೆಗಳನ್ನು ಬಿಚ್ಚಿದರು. ಈ ಸಲದ್ದನ್ನು ಬೇರೆ ರೀತಿ ಮಾಡಿದರು. ಕೋಳಿ ಹೋಗುವುದು ಮುಂದಿನಿಂದ, ಮೊಟ್ಟೆ ತೆಗೆಯುವುದು ಹಿಂದಿನಿಂದ. ಹಿಂಬದಿಗೆ ಹಳೆಯ ಟೈರಿನ ರಬ್ಬರಿನಿಂದ ಕೀಲು ಕೊಟ್ಟು ಮುಚ್ಚಳ ಮಾಡಿದರು. ಮುಚ್ಚಳ ಎತ್ತಿ ಕೈ ಹಾಕಿದರೆ ನೇರ ಹುಲ್ಲಿಗೆ ತಾಗಬೇಕು. ಕಣ್ಣು ಮುಚ್ಚಿಕೊಂಡು ತಾವೇ ಮತ್ತೆ ಮತ್ತೆ ಕೈ ಹಾಕಿ ನೋಡಿದರು. ಒಳಗೆ ಎಲ್ಲಿ ಸಿಬಿರು ತಾಗಿತೋ ಅಲ್ಲಿ ಮತ್ತೆ ಉಜ್ಜಿದರು.

ಮುಂದಿನ ಸಲ ಆ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಗಾಡಿಯಲ್ಲಿ ಸೀಟಿನ ನಡುವೆ ಇಟ್ಟುಕೊಂಡು ಹೋದೆವು. ಹುಲ್ಲಿನ ಚೀಲ ಜಶುಬೆನ್‌ರ ತೊಡೆಯ ಮೇಲಿತ್ತು. ಕೋಳಿಗೆ ಸಂಬಂಧಿಸಿದ ಒಂದು ವಸ್ತುವನ್ನು ಅವರು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಜ್ಜಿ ಪೆಟ್ಟಿಗೆಯನ್ನು ತಡವಿ ನೋಡಿದಳು. ಮುಚ್ಚಳ ಎತ್ತಿದಳು, ಇಳಿಸಿದಳು. ಕೋಲನ್ನು ಮುಟ್ಟಿದಳು. ಸೂರಿನ ಕೆಳಗೆ, ಒಲೆಯ ಹಿಂಬದಿಯ ಗೋಡೆ ತೋರಿಸಿ, ಅಲ್ಲಿಗೆ ಎರಚಲು ಬರುವುದಿಲ್ಲ ಎಂದಳು. ಇವರು ಅಲ್ಲಿದ್ದ ಕಂಬಕ್ಕೆ ಹಲಗೆ ಹೊಡೆಯತೊಡಗಿದರು. ನಾನು ಪೆಟ್ಟಿಗೆ ಎತ್ತಿ ಹಿಡಿದಿದ್ದೆ. ಅಜ್ಜಿ ಪಕ್ಕದಲ್ಲೇ ನಿಂತಿದ್ದಳು. ಇದ್ದಕ್ಕಿದ್ದಂತೆ ಸುತ್ತಿಗೆ ನಿಂತಿತು.

"ಬಾ," ಎಂದರು ಅವರು. ಆ ಕಡೆ ತಾಯಿಯನ್ನು ಹಾಗೆ ಕರೆಯುತ್ತಾರೆ. "ಗಾಡಿ ಹೂಂ ಚಲಾವತೋ ಹತೋ."

ಗಾಡಿ ಓಡಿಸುತ್ತಿದ್ದವನು ನಾನು. ಆ ಗುಜರಾತಿ ವಾಕ್ಯವನ್ನು ಅವರು ಎಷ್ಟು ದಿನದಿಂದ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದರೋ ನನಗೆ ಗೊತ್ತಿಲ್ಲ. ಜಶುಬೆನ್ ಮಂಚದಿಂದ ಎದ್ದು ನಿಂತರು. ನಾನು ಪೆಟ್ಟಿಗೆಯ ಭಾರವನ್ನು ಎದೆಗೆ ಒತ್ತಿಕೊಂಡೆ.

ಅಜ್ಜಿ ಮುಖವನ್ನು ಅವರ ದನಿ ಬಂದ ಕಡೆಗೆ ತಿರುಗಿಸಿದಳು.

"ಹಾರ್ನ್ ಕೇಳಿಸಿತ್ತು," ಎಂದಳು. "ಇಲ್ಲಿಯವರೆಗೂ ಕೇಳಿಸಿತ್ತು. ನಿಲ್ಲಿಸದೆ ಒತ್ತಿದೆ ನೀನು." ಆಮೇಲೆ ಕೇಳಿದಳು, "ಅವಳು ನಿನ್ನನ್ನು ನೋಡಿದಳಾ?"

"ನೋಡಿದಳು."

"ನೀನು?"

"ನಾನೂ ನೋಡಿದೆ. ಕೊನೆಯವರೆಗೂ ನೋಡಿದೆ."

ಅಜ್ಜಿ ತಲೆಯಾಡಿಸಿದಳು. "ಜೊತೆಯವರೆಲ್ಲ ಹಿಂದೆ ನಿಂತರು, ಬೆಳಿಗ್ಗೆ ಮನೆ ಬಿಟ್ಟವಳು ಕೊನೆಗೆ ಮುಖ ನೋಡುವವರು ಯಾರೂ ಇಲ್ಲದೆ ಸತ್ತಳು ಅಂತ ನಾನು ದಿನಾ ಅಳುತ್ತಿದ್ದೆ," ಎಂದಳು. "ಹಾಗಾದರೆ ಅವಳು ಒಬ್ಬಳೇ ಹೋಗಲಿಲ್ಲ."

ಜಶುಬೆನ್ ಅದನ್ನು ನನಗೆ ಹಿಂದಿಯಲ್ಲಿ ಹೇಳಿದರು. ಇವರಿಗೆ ಹಿಂದಿ ಬೇಕಾಗಿರಲಿಲ್ಲ. ಸುತ್ತಿಗೆ ಕೈಜಾರಿತು, ಇನ್ನೊಂದು ಕೈಯಲ್ಲಿದ್ದ ಮೊಳೆಗಳೂ ಚೆಲ್ಲಿದವು. ಕಂಬ ಹಿಡಿದು ಹಾಗೇ ಕುಸಿದು ಕೂತು ಅತ್ತರು. ಆ ಮಳೆಗಾಲ ಪೂರ್ತಿ ಒಂದು ಹನಿ ಕಣ್ಣೀರು ಹಾಕದಿದ್ದವರು ಚಿಕ್ಕ ಮಕ್ಕಳ ಹಾಗೆ ಅತ್ತರು. ನಾನು ಪೆಟ್ಟಿಗೆ ಇಳಿಸಿ ಹತ್ತಿರ ಹೋಗುವುದೋ ಬೇಡವೋ ತಿಳಿಯದೆ ನಿಂತೆ.

ಅಜ್ಜಿ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ. ನಿಧಾನವಾಗಿ ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಎರಡೂ ಅಂಗೈಗಳಿಂದ ನೆಲವನ್ನು ಸವರುತ್ತ, ಬಿದ್ದಿದ್ದ ಮೊಳೆಗಳನ್ನು ಒಂದೊಂದಾಗಿ ಹುಡುಕಿ ಸೆರಗಿಗೆ ಹಾಕಿಕೊಳ್ಳತೊಡಗಿದಳು.

"ಒಂದೂ ಉಳಿಯಬಾರದು ಮಗಾ," ಎಂದಳು. "ಕೋಳಿ ನುಂಗಿಬಿಡುತ್ತವೆ."

ಅವರು ಕಣ್ಣೊರೆಸಿಕೊಂಡು ಬಗ್ಗಿ, ಅವಳ ಜೊತೆ ಹುಡುಕಿದರು.